ಕುಣಿಗೆ ಬಂದ ನೀರು

ನಮ್ಮೂರಿನ ರುದ್ರಭೂಮಿಯಲ್ಲಿ ಕುಣಿಗೆ ನೀರು ಬಂದದ್ದನ್ನು ನಾನು ಮೊದಲು ಕಂಡದ್ದು ಕಡುಬೇಸಿಗೆಯಲ್ಲಿ. ಮಳೆ ಬಿದ್ದು ಐದಾರು ತಿಂಗಳಾಗಿತ್ತು. ಮಲಪ್ರಭೆ ಅಲ್ಲಲ್ಲಿ ಮಡುಗಳಾಗಿ ನಿಂತಿತ್ತು. ಕಪ್ಪು ಎರೆ ನೆಲ ಬಿರಿದು, ಬಿರುಕಿನಲ್ಲಿ ಕೈ ಇಳಿಸಿದರೆ ಮೊಣಕೈವರೆಗೆ ಹೋಗುತ್ತಿತ್ತು. ಅಂಥ ನೆಲದಲ್ಲಿ, ಸೊಂಟದಾಳ ತೋಡಿದ ಕುಣಿಯ ತಳದಲ್ಲಿ ನೀರು ಒಸರುತ್ತಿತ್ತು.

ಅವತ್ತು ತೀರಿಕೊಂಡಿದ್ದವರು ಹಿಟ್ಟಿನ ಗಿರಣಿಯ ಮನೆಯ ಮುದುಕಿ. ತುಂಬು ಬಾಳು ಬಾಳಿದ ಜೀವ. ಅಳುವವರು ಕಡಿಮೆ, ಭಜನೆಯವರು ಹೆಚ್ಚು. ನಮ್ಮ ತಂದೆ ಊರಿನ ಅಯ್ಯನವರು. ಲಿಂಗಾಯತರ ಮನೆಯಲ್ಲಿ ಯಾರು ಹೋದರೂ ಕುಣಿಯ ಪೂಜೆ ಮಾಡಿ ಮಣ್ಣು ಕೊಡಿಸುವುದು ಅವರ ಕೆಲಸ. ನಮ್ಮಲ್ಲಿ ಸುಡುವುದಿಲ್ಲ. ಹೋದವರನ್ನು ಕುಣಿಯೊಳಗೆ ಕೂಡಿಸಿ, ಎಡಗೈಯಲ್ಲಿ ಅವರ ಇಷ್ಟಲಿಂಗ ಇಟ್ಟು, ಸುತ್ತಲೂ ವಿಭೂತಿ, ಬಿಲ್ವಪತ್ರೆ, ಉಪ್ಪು ತುಂಬಿ ಮಣ್ಣು ಕೊಡುತ್ತೇವೆ. ಹಾಗೆ ಕೂಡಿಸಲು ಎದೆಯಾಳದ ಒಣ ಕುಣಿ ಬೇಕು.

ನಾನು ಆಗ ಬೈಲಹೊಂಗಲದಲ್ಲಿ, ಮಣ್ಣು ಪರೀಕ್ಷೆ ಮಾಡುವ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ. ಸವದತ್ತಿಯ ಮೇಲೆ ಹಾದು ಬರುವ ಬಸ್ಸು ಹಿಡಿದು ಶನಿವಾರ ಊರಿಗೆ ಬಂದಿದ್ದೆ. ಅಪ್ಪನಿಗೆ ಮಂಡಿನೋವು ಶುರುವಾಗಿತ್ತು. ಪೂಜೆಯ ಚೀಲ ಹಿಡಿದುಕೊಂಡು ಅವರ ಜೊತೆ ಹೋಗಿದ್ದೆ.

ಕುಣಿ ತೋಡುತ್ತಿದ್ದವರು ಅರ್ಧಕ್ಕೇ ಮೇಲೆ ಹತ್ತಿ ಬಂದರು; ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಊರಿನ ಕೆಳಗಿನ ಓಣಿಯ ಬೌದ್ಧರ ಮನೆಯವರು ಅವರು. ಬಾವಿ, ಮನೆಯ ಬುನಾದಿ, ಬಸಿಗಾಲುವೆ, ಕುಣಿ, ಯಾವುದಿದ್ದರೂ ನೆಲದೊಳಗಿನ ಕೆಲಸಕ್ಕೆ ಸುತ್ತಲಿನ ಮೂರ್ನಾಲ್ಕು ಹಳ್ಳಿಯವರು ಅವರನ್ನೇ ಕರೆಯುತ್ತಿದ್ದರು. ಅವರ ಕಾಲುಗಳು ಮೀನಖಂಡದವರೆಗೆ ಕಪ್ಪಾಗಿ ಮಿಂಚುತ್ತಿದ್ದವು. ಅಪ್ಪನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು.

"ಅಯ್ಯಾರ, ನೀರ ಬಂತ್ರಿ."

"ಎಲ್ಲಿ ನೀರೋ?"

"ಕುಣ್ಯಾಗ್ರಿ. ಬುಡಕ."

ಅಪ್ಪ ಬಗ್ಗಿ ನೋಡಿದರು. "ಯಾವದರ ಪೈಪ್ ಒಡದೈತೇನ?"

"ಇಲ್ಲೆಲ್ಲಿ ಪೈಪ್ ಬಂತ್ರಿ? ಇದು ನೆಲದ ನೀರು."

ರಸ್ತೆಯ ಕಡೆ ಹತ್ತು ಹೆಜ್ಜೆ ಸರಿದು ಇನ್ನೊಂದು ಕುಣಿ ತೋಡಿಸಿದರು. ತೊಡೆಯಾಳಕ್ಕೆ ಹೋಗುವಷ್ಟರಲ್ಲಿ ಅದರಲ್ಲೂ ತಳ ಒದ್ದೆಯಾಯಿತು. ಹೊತ್ತು ತಂದ ಬಿದಿರಿನ ವಿಮಾನದಲ್ಲಿ ಕೂಡಿಸಿದ್ದ ಮುದುಕಿ ಬೇವಿನ ನೆರಳಿನಲ್ಲಿ ಕಾಯುತ್ತಿದ್ದಳು. ನೆರಳು ಸರಿದ ಹಾಗೆ ನಾಲ್ಕು ಮಂದಿ ವಿಮಾನವನ್ನೂ ಸರಿಸುತ್ತಿದ್ದರು. ಭಜನೆಯವರು ದಣಿದು ತಾಳ ನಿಲ್ಲಿಸಿದರು. ಆಮೇಲೆ ಕಾಕಾನ ಸಲಿಕೆಯ ಸದ್ದು ಮಾತ್ರ ಉಳಿಯಿತು. ಒಣಮಣ್ಣಿಗೆ ತಾಗುವ ಸದ್ದಲ್ಲ ಅದು, ಹಸಿ ಕಣಕಕ್ಕೆ ಗುದ್ದಿದ ಹಾಗೆ.

ಮೂರನೆಯ ಜಾಗದಲ್ಲಿ ಅಪ್ಪ ಆಳದ ಆಸೆ ಬಿಟ್ಟರು. ಮೊಣಕಾಲಾಳಕ್ಕೆ ಮಾತ್ರ ತೋಡಿಸಿ, ಹೊಳೆಯಿಂದ ಉಸುಕು ತರಿಸಿ ತಳಕ್ಕೆ ಹಾಸಿ, ಮುದುಕಿಯನ್ನು ಕೂಡಿಸಿ, ಸುತ್ತಲೂ ಮಣ್ಣು ಗುಡ್ಡೆ ಹಾಕಿಸಿದರು. ಹಿರಿಯ ಮಗ ಚೀಲ ಬಿಚ್ಚಿ ಉಪ್ಪು ಸುರಿಯುವಾಗ ಕಾಕಾ ತಮ್ಮಷ್ಟಕ್ಕೇ ಹೇಳಿದ ಮಾತು ಹತ್ತಿರವಿದ್ದ ನನಗೆ ಮಾತ್ರ ಕೇಳಿಸಿತು: "ಉಪ್ಪ ಯಾಕ ಬೇಕು, ಮಣ್ಣಾಗ ಬೇಕಾದಷ್ಟ ಐತಿ."

ಜನ ಹೊಳೆಯ ಕಡೆ ಕೈಕಾಲು ತೊಳೆಯಲು ಹೋದಾಗ ನಾನು ಹಿಂದೆ ಉಳಿದು, ಮುಚ್ಚದೆ ಬಿಟ್ಟಿದ್ದ ಎರಡನೆಯ ಕುಣಿಯ ಅಂಚಿಗೆ ಕುಳಿತೆ. ಮಣ್ಣಿನ ಗೋಡೆ ನೋಡುವುದು ನನ್ನ ದಿನದ ಕೆಲಸ. ಮೇಲಿನ ಒಂದಡಿ ಇಟ್ಟಿಗೆಯಂತೆ ಗಟ್ಟಿ, ಕಪ್ಪು, ಬಿರುಕು ಬಿರುಕು. ಅದರ ಕೆಳಗೆ ಹೆಂಟೆಯ ಮೈ ಹೆಂಟೆಗೆ ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದ ಚರ್ಮದಂತೆ ಹೊಳೆಯುತ್ತಿತ್ತು. ಇನ್ನೂ ಕೆಳಗೆ ಕಬ್ಬಿಣದ ಜಂಗಿನ ಬಣ್ಣದ ಚುಕ್ಕಿಗಳು. ನೀರು ಏರಿ ಇಳಿಯುವ ಜಾಗದಲ್ಲಿ ಅಂಥ ಚುಕ್ಕಿ ಬೀಳುತ್ತವೆ. ತಳದಲ್ಲಿ ಚುಕ್ಕಿಯೂ ಇಲ್ಲ, ಕಪ್ಪೂ ಇಲ್ಲ. ನೀಲಿ ಬೆರೆತ ಬೂದಿ ಬಣ್ಣ. ಒಂದು ಚೂರು ಕಿತ್ತು ಮೂಗಿಗೆ ಹಿಡಿದೆ. ಕೊಳೆತ ತತ್ತಿಯ ವಾಸನೆ.

ಮಣ್ಣು ಒಂದು ಬೇಸಿಗೆಗೆ ನೀಲಿಯಾಗುವುದಿಲ್ಲ. ಗಾಳಿ ಆಡದೆ, ವರ್ಷಾನುಗಟ್ಟಲೆ ನೀರೊಳಗೇ ಇದ್ದರೆ ಆ ಬಣ್ಣ ತಿರುಗುತ್ತದೆ. ಅಂದರೆ ಈ ನೀರು ಈಗ ಬಂದದ್ದಲ್ಲ. ನಾವು ಮೇಲೆ ನಿಂತು ಮಣ್ಣು ಕೊಟ್ಟು, ಕೈ ಮುಗಿದು ಹೋಗುತ್ತಿದ್ದಾಗೆಲ್ಲ ಅದು ಕೆಳಗೆ ಇತ್ತು. ನನ್ನ ಅಜ್ಜ ಇದೇ ಸಾಲಿನಲ್ಲಿದ್ದ. ಅಜ್ಜಿ ಅವನ ಪಕ್ಕಕ್ಕಿದ್ದಳು. ಅವರು ಕುಳಿತಿರುವ ಆಳ ನನಗೆ ಗೊತ್ತಿತ್ತು. ಅಪ್ಪನಿಗೆ ಅವತ್ತು ಏನೂ ಹೇಳಲಿಲ್ಲ.

ಮುಂದಿನ ಶನಿವಾರ ಕಚೇರಿಯ ತಿರುಪು ಸಲಾಕೆಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ನೆಲಕ್ಕೆ ಊರಿ ತಿರುವಿದರೆ ಆಳದ ಮಣ್ಣನ್ನು ಕಚ್ಚಿಕೊಂಡು ಮೇಲೆ ಬರುವ ಕಬ್ಬಿಣದ ಸಲಾಕೆ ಅದು. ಭಾನುವಾರ ಬೆಳಿಗ್ಗೆ ಕೆಳಗಿನ ಓಣಿಗೆ ಹೋದೆ. ಆ ಓಣಿಗೆ ನಾನು ಹೋದದ್ದು ಕಡಿಮೆ. ನಿಜ ಹೇಳಬೇಕೆಂದರೆ, ದೊಡ್ಡವಳಾದ ಮೇಲೆ ಅದೇ ಮೊದಲು. ಕಾಕಾನ ಮನೆಯ ಕಟ್ಟೆಯ ಬುಡ ಮೊಣಕಾಲೆತ್ತರಕ್ಕೆ ಒದ್ದೆಯಾಗಿ, ಗಿಲಾವು ಹಪ್ಪಳದಂತೆ ಎದ್ದಿತ್ತು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಒಬ್ಬ ಹೆಂಗಸಿನ ಫೋಟೋ.

ಕಾಕಾ ಸಲಾಕೆಯನ್ನು ತಿರುಗಿಸಿ ನೋಡಿದರು. "ಇದೇನ್ರಿ ಅವ್ವಾರ, ಬಡಿಗ್ಯಾರ ಗಿರಮಿಟ್ಟ?"

"ಹೌದು ಕಾಕಾ, ನೆಲದ ಗಿರಮಿಟ್ಟ. ನೀರ ಎಷ್ಟ ಆಳಕ್ಕ ಐತಿ ಅಂತ ನೋಡಬೇಕಾಗೇತಿ. ನನ್ನ ಜೋಡಿ ಬರತೀರೇನು?"

"ನೀರ ಎಲ್ಲೈತಿ ಅಂತ ನನ್ನ ಕೇಳಿದ್ರ ಹೇಳತಿದ್ದೆನಲ್ರಿ." ಹಾಗೆಂದರೂ ಚಪ್ಪಲಿ ಮೆಟ್ಟಿ ಹೊರಟರು.

ನಮ್ಮ ರುದ್ರಭೂಮಿಯಲ್ಲಿ ನಾಲ್ಕು ಕಡೆ ಸಲಾಕೆ ಇಳಿಸಿದೆವು. ಮೇಲಿನ ಒಣ ಪದರ ಭೇದಿಸುವುದೇ ಕಷ್ಟ. ಕಾಕಾ ಮೈಭಾರ ಹಾಕಿ ತಿರುವಬೇಕಾಯಿತು. ಆ ಪದರ ದಾಟಿದ ಕೂಡಲೇ ಸಲಾಕೆ ತಾನಾಗಿಯೇ ಇಳಿಯುತ್ತಿತ್ತು, ಯಾರೋ ಕೆಳಗಿನಿಂದ ಹಿಡಿದು ಎಳೆದುಕೊಂಡ ಹಾಗೆ. ಮೇಲೆತ್ತುವಾಗ ಒಂದು ಬಗೆಯ ಹೀರುವ ಸದ್ದು. ರಂಧ್ರದಲ್ಲಿ ಸ್ವಲ್ಪ ಹೊತ್ತಿಗೆ ನೀರು ನಿಲ್ಲುತ್ತಿತ್ತು. ನಾನು ಟೇಪು ಇಳಿಸಿ ಬರೆದುಕೊಂಡೆ. ಬರೆದು ಮುಗಿದ ಮೇಲೆ ಕಾಕಾ ಹೇಳಿದರು.

"ಹತ್ತ ವರ್ಷದ ಹಿಂದ ಇಲ್ಲಿ ನನ್ನ ಎದಿ ಮಟಾ ತೋಡತಿದ್ದೆ, ಒಣಾ ಇರತಿತ್ತು. ಆಮ್ಯಾಲ ಹೊಟ್ಟಿ ಮಟಾ ಬಂದ್ರ ಸಾಕು, ಸಲಿಕಿಗೆ ಮಣ್ಣ ಅಂಟಾಕ ಹತ್ತಿತು. ಈಗ ಸೊಂಟ. ನಾ ಬರಕೊಂಡಿಲ್ರಿ, ಮೈಗೆ ಗೊತ್ತೈತಿ." ಆಮೇಲೆ ಕೆಳಗಡೆ ಕೈ ಮಾಡಿದರು. "ಇತ್ತಾಕಡೆ ಬರ್ರಿ. ಇದನ್ನೂ ಬರಕೋರಿ."

ನಮ್ಮ ರುದ್ರಭೂಮಿಯ ಜಾಲಿಮುಳ್ಳಿನ ಬೇಲಿ ದಾಟಿದರೆ ನೆಲ ಹೊಳೆಯ ಕಡೆ ಇಳಿಯುತ್ತದೆ. ಆ ಇಳಿಜಾರಿನ ಪಟ್ಟಿಯೇ ಕೆಳಗಿನ ಓಣಿಯವರ ಮಣ್ಣಿನ ಜಾಗ. ದೂರದಿಂದ ಅದು ಬೆಳ್ಳಗೆ ಕಾಣುತ್ತಿತ್ತು, ಯಾರೋ ಹಿಟ್ಟು ಚೆಲ್ಲಿದ ಹಾಗೆ. ಹತ್ತಿರ ಹೋದರೆ ಸವಳು. ಉಪ್ಪಿನ ಪದರ ಕಾಲ ಕೆಳಗೆ ಕರಕರ ಎನ್ನುತ್ತಿತ್ತು. ನಡುನಡುವೆ ಎಣ್ಣೆ ಚೆಲ್ಲಿದಂಥ ಕಪ್ಪು ಕಲೆಗಳು; ಅಲ್ಲಿ ಹುಲ್ಲಿನ ಕಡ್ಡಿಯೂ ಇಲ್ಲ. ಉಳಿದ ಕಡೆ ಜೇಕು ಮಾತ್ರ ದಟ್ಟವಾಗಿ ಬೆಳೆದಿತ್ತು. ಜವಳು ನೆಲ ಕಂಡಲ್ಲಿ ಬೆಳೆಯುವ ಹುಲ್ಲು ಅದು. ಗುಡ್ಡೆಗಳೆಲ್ಲ ತಗ್ಗಿ ನೆಲಕ್ಕೆ ಸಮವಾಗಿದ್ದವು. ಯಾರು ಎಲ್ಲಿ ಎಂದು ಹೇಳಲು ಕಲ್ಲುಗಳಷ್ಟೇ ಗುರುತು, ಆ ಕಲ್ಲುಗಳೂ ಒಂದೊಂದು ದಿಕ್ಕಿಗೆ ಬಾಗಿದ್ದವು.

ಸಲಾಕೆ ಊರಿದೆ. ತಿರುವಲೇ ಬೇಕಾಗಲಿಲ್ಲ. ಒಂದು ಗೇಣಿಗೆ ನೀರು.

ಕಾಕಾ ಬಾಗಿದ ಕಲ್ಲೊಂದನ್ನು ನೆಟ್ಟಗೆ ಮಾಡಲು ನೋಡಿ, ಕೈ ಬಿಟ್ಟರು. ಅದು ಮತ್ತೆ ಬಾಗಿತು. "ಇಲ್ಲಿ ನಮ್ಮಾಕಿ ಅದಾಳ್ರಿ" ಎಂದರು.

ಗೋಡೆಯ ಮೇಲಿನ ಫೋಟೋ ನೆನಪಾಯಿತು. "ಯಾವಾಗ ಕಾಕಾ?" ಎಂದೆ.

"ಆರ ವರ್ಷ ಆತ್ರಿ. ಮಳಿಗಾಲ ಅಲ್ಲ, ಶಿವರಾತ್ರಿ ಆದ ಮ್ಯಾಲ. ಊರ ಮಂದಿಗೆಲ್ಲಾ ಕುಣಿ ತೋಡತೇನಿ, ನಮ್ಮಾಕಿಗಿ ನಾನs ತೋಡತೇನಿ ಅಂದೆ. ತೋಡಿದಂಗ ನೀರ. ಮಗಾ ಒಂದ ಬಕೀಟ, ತಮ್ಮ ಒಂದ ಬಕೀಟ. ಮೂರ ಮಂದಿ ನೀರ ಚೆಲ್ಲಕೋತ ಇದ್ವಿ. ಚೆಲ್ಲಿದಷ್ಟೂ ಬರತಿತ್ತು. ಕಡೀಕ ಮಗಾ ಅಂದ, ಅಪ್ಪಾ ಸಾಕು, ಅವ್ವಗ ಬಿಸಿಲ ಹತ್ತೇತಿ ಅಂತ. ನೀರಾಗs ಇಳಿಸಿದ್ವಿ. ಮಣ್ಣ ಹಾಕಿದ್ರ ಮಣ್ಣ ಮುಳಗ್ತಿತ್ತು, ಆಕಿ ತೇಲತಿದ್ಲು. ಕಲ್ಲ ಇಟ್ಟೆವ್ರಿ ಎದಿ ಮ್ಯಾಲ."

ನಾನು ಟೇಪು ಸುತ್ತಿಕೊಂಡೆ. ಆ ರಂಧ್ರದ ಲೆಕ್ಕ ಬರೆಯಲು ಕೈ ಬರಲಿಲ್ಲ.

ವಾಪಸ್ಸು ಬರುವಾಗ ಅವರೇ ಮುಂದುವರಿಸಿದರು. "ಆಮ್ಯಾಲ ಓಣಿ ಮಂದಿ ಸಹಿ ಮಾಡಿ ಅರ್ಜಿ ಕೊಟ್ವಿ. ಎತ್ತರಕ್ಕ, ಮಡ್ಡಿ ಮ್ಯಾಲ ಒಂದೀಟ ಜಾಗಾ ಕೊಡ್ರಿ ಅಂದ್ವಿ. ಹಿರ್ಯಾರ ಕಟ್ಟಿ ಮ್ಯಾಲ ಕುಂತಿದ್ರು. ನಿಮ್ಮ ಅಪ್ಪಾರೂ ಇದ್ರು."

"ಏನಂದ್ರು?"

"ಅವರನ್ನs ಕೇಳ್ರಿ" ಎಂದು ಕಾಕಾ ಓಣಿಯ ಕಡೆ ತಿರುಗಿದರು.

ಅಪ್ಪ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ: ಎಲ್ಲೆಲ್ಲಿ ಎಷ್ಟು ಆಳಕ್ಕೆ ನೀರಿದೆ, ನೀಲಿ ಮಣ್ಣು ಎಂದರೇನು, ಕಾಕಾನ ಹೆಂಡತಿಗೆ ಮಣ್ಣು ಕೊಟ್ಟದ್ದು ಹೇಗೆ. ಅಪ್ಪನ ಕೈಯಲ್ಲಿದ್ದ ಎಲೆ ಕೈಯಲ್ಲೇ ಉಳಿಯಿತು.

"ನಿಮ್ಮ ಮುಂದ ಅರ್ಜಿ ಬಂದಿತ್ತಂತ?"

"ಬಂದಿತ್ತು."

"ನೀವೇನಂದ್ರಿ ಅಪ್ಪಾ?"

ನಮ್ಮವ್ವ ತಟ್ಟೆ ತೆಗೆದುಕೊಂಡು ಒಳಗೆ ಹೋದರು. "ಹೊಳಿ ದಂಡಿ ನೆಲಾ, ಹಸಿ ಇರೂದs. ಬ್ಯಾಸಿಗ್ಯಾಗ ಆರತೈತಿ, ನೋಡೂಣು, ಅಂದೆ" ಎಂದರು ಅಪ್ಪ. "ಯಾರೂ ಹೋಗಿ ನೋಡಲಿಲ್ಲ. ನಾನೂ ಹೋಗಲಿಲ್ಲ."

ಬೈಲಹೊಂಗಲಕ್ಕೆ ಹೋಗಿ ನಾನೊಂದು ವರದಿ ಬರೆದೆ. ನಮ್ಮ ಸಾಹೇಬರು ಓದಿ ಕನ್ನಡಕ ತೆಗೆದಿಟ್ಟರು. ಒಳ್ಳೆಯ ಮನುಷ್ಯ, ಕೆಲಸ ಬಲ್ಲವರು. "ಬರದದ್ದೆಲ್ಲಾ ಖರೇ ಐತಿ, ತಂಗಿ. ಆದ್ರ ನಮ್ಮ ಕೆಲಸ ಬೆಳಿದು. ಹೆಣದ್ದಲ್ಲ. ಇದನ್ನ ನಾ ಯಾವ ಫೈಲಿಗೆ ಹಚ್ಚಲಿ?" ಎಂದರು. ಆಮೇಲೆ ಗೋಡೆಯ ಮೇಲಿನ ನಕ್ಷೆಯ ಹತ್ತಿರ ಹೋಗಿ, ನಮ್ಮೂರಿನ ಪಕ್ಕದ ಒಂದು ಸಣ್ಣ ಗೆರೆಯ ಮೇಲೆ ಬೆರಳಿಟ್ಟರು. "ಇಲ್ಲೊಂದು ಹಳ್ಳ ಇತ್ತಲ್ಲಾ, ಅದೆಲ್ಲಿ ಹೋತು?"

ಆ ಹಳ್ಳ ನನಗೂ ನೆನಪಿತ್ತು. ಮಡ್ಡಿಯಿಂದ ಇಳಿದು, ಎರೆ ಹೊಲಗಳ ನಡುವೆ ಹಾದು, ರುದ್ರಭೂಮಿಯ ಪಕ್ಕದಿಂದ ಹೊಳೆಗೆ ಸೇರುತ್ತಿತ್ತು. ಕಾಲುವೆ ನೀರು ಬಂದ ಮೇಲೆ ಊರಿನ ಮೇಲ್ಗಡೆ ಕಬ್ಬು ಬಂತು. ಕಬ್ಬಿಗೆ ಜಾಗ ಸಾಲದೆ ಹಳ್ಳವನ್ನು ಸ್ವಲ್ಪ ಸ್ವಲ್ಪವೇ ಮುಚ್ಚಿ ಹೊಲ ಮಾಡಿಕೊಂಡರು. ಎರೆ ಮಣ್ಣು ಮೇಲಿನ ನೀರನ್ನು ಬೇಗ ಒಳಗೆ ಬಿಡುವುದಿಲ್ಲ, ಒಳಗೆ ಹೋದ ನೀರನ್ನು ಬೇಗ ಹೊರಗೂ ಬಿಡುವುದಿಲ್ಲ. ಬಸಿದು ಹೋಗಲು ಇದ್ದದ್ದು ಅದೊಂದೇ ದಾರಿ. ದಾರಿ ಮುಚ್ಚಿದ ಮೇಲೆ ಮೇಲಿನ ಹೊಲಗಳಿಗೆ ಬಿಟ್ಟ ನೀರೆಲ್ಲ ತಗ್ಗಿಗೆ ಬಂದು ಕೂತಿತು. ತಗ್ಗಿನಲ್ಲಿ ಇದ್ದವರು ಸತ್ತವರು ಮತ್ತು ಕೆಳಗಿನ ಓಣಿಯವರು.

ಗಿರಣಿ ಮುದುಕಿಯ ಸುದ್ದಿ ಊರಲ್ಲಿ ಹಬ್ಬಿ, ಹಿರಿಯರು ಕಟ್ಟೆಯ ಮೇಲೆ ಸೇರಿದಾಗ ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ನಾನು ಹಳ್ಳದ ಮಾತು ತೆಗೆದೆ.

"ಯಾವ ಹಳ್ಳವಾ?" ಎಂದರು ಅವರಲ್ಲಿ ದೊಡ್ಡ ಹಿಡುವಳಿಯ ಒಬ್ಬ ಹಿರಿಯರು. "ಅಲ್ಲಿ ಹಳ್ಳ ಇಲ್ಲ."

"ಮದಲ ಇತ್ತಲ್ರಿ."

"ಮದಲ ಏನೇನೋ ಇತ್ತು. ಈಗ ಅಲ್ಲಿ ನನ್ನ ಕಬ್ಬ ಐತಿ."

ಕಡೆಗೆ ಆದ ತೀರ್ಮಾನ, ರುದ್ರಭೂಮಿಯ ಮೇಲೆ ಎರಡಡಿ ಮಣ್ಣು ಏರಿಸುವುದು. ದೀಪದ ಬತ್ತಿಗೆ ಎಣ್ಣೆ ಏರಿದಂತೆ ಈ ಮಣ್ಣಿನಲ್ಲಿ ನೀರು ಏರುತ್ತದೆ, ಮೇಲೆ ಎಷ್ಟು ಹಾಕಿದರೂ ಉಪ್ಪು ಹೊತ್ತು ಏರುತ್ತದೆ ಎಂದೆ. ಹಿರಿಯರು ನಕ್ಕು, "ಸಾಲಿ ಕಲತ ಹುಡಿಗಿ" ಎಂದರು. ವಾರದೊಳಗೆ ಟ್ರ್ಯಾಕ್ಟರುಗಳು ಹತ್ತಿರದ ಹೊಲಗಳಿಂದ ಅದೇ ಎರೆ ಮಣ್ಣನ್ನು ತಂದು ಸುರಿದವು. ನಮ್ಮ ಬೇಲಿಯವರೆಗೆ ಮಾತ್ರ. ಬೇಲಿಯ ಆಚೆಗೆ ಒಂದು ಬುಟ್ಟಿಯೂ ಬೀಳಲಿಲ್ಲ.

ಆ ವರ್ಷದ ಮಳೆ ದೊಡ್ಡದೇನಲ್ಲ. ಆದರೆ ಹೊಸ ಮಣ್ಣಿನ ಭಾರಕ್ಕೆ ಅಡಿಯ ಮೆತ್ತಗಾದ ನೆಲ ಕುಸಿಯಿತು. ಸಮಾಧಿಗಳ ಮೇಲೆ ಕಟ್ಟಿದ್ದ ನಾಲ್ಕು ಗದ್ದುಗೆಗಳು ಒಂದು ಬದಿಗೆ ವಾಲಿದವು. ಗಿರಣಿ ಮುದುಕಿಯ ಗುಡ್ಡೆ ನಡುವೆ ಕುಗ್ಗಿ, ಕೆರೆಯಂತೆ ನೀರು ನಿಂತಿತು. ಅವಳ ಮಗ ಎರಡು ಸಲ ಮಣ್ಣು ತುಂಬಿಸಿದ. ಮೂರನೆಯ ಸಲ ತುಂಬಿಸಲು ಬರಲಿಲ್ಲ. ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟ. ಊರಿನವರೂ ಹೊಲಕ್ಕೆ ಸುತ್ತುಹಾಕಿ ಹೋಗತೊಡಗಿದರು. ಯಾರಾದರೂ ಹಾಸಿಗೆ ಹಿಡಿದರೆ ಮನೆಯವರ ಮುಖದಲ್ಲಿ ಕಾಯಿಲೆಯ ಚಿಂತೆಯ ಜೊತೆ ಇನ್ನೊಂದು ಚಿಂತೆಯೂ ಕಾಣುತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಒಬ್ಬ ಮಾಸ್ತರರು ಮಾತ್ರ ಅಪ್ಪನನ್ನು ಕರೆಸಿಕೊಂಡು, ಕೈ ಹಿಡಿದು ಕೇಳಿದ್ದರು: "ಅಯ್ಯಾರ, ನನ್ನ ಒಣಾ ಜಾಗಾದಾಗ ಇಡತೀರೆಲಾ?" ಅಪ್ಪ ಹೂಂ ಎಂದು ಬಂದಿದ್ದರು. ಆ ಮಾತು ಉಳಿಸಿಕೊಳ್ಳಲಾಗಲಿಲ್ಲ. ದೀಪಾವಳಿಗೆ ಮುಂಚೆ ಮಾಸ್ತರರು ಹೋದರು, ಉಸುಕು ಹಾಸಿದ ಮೊಳದಾಳದ ಕುಣಿಯಲ್ಲೇ ಕೂತರು.

ಮುಂದಿನ ಬೇಸಿಗೆ ಬಂತು. ನೆಲ ಹಿಂದೆಂದಿಗಿಂತ ಅಗಲವಾಗಿ ಬಿರಿಯಿತು. ಒಂದು ಸಂಜೆ ಆಡು ಕಾಯುವ ಹೆಂಗಸೊಬ್ಬಳು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ಆಡಿನ ಮರಿಯೊಂದರ ಕಾಲು ರುದ್ರಭೂಮಿಯ ಬಿರುಕಿನಲ್ಲಿ ಸಿಕ್ಕಿಕೊಂಡಿತ್ತಂತೆ. ಬಿಡಿಸಲು ಕೈ ಹಾಕಿದಾಗ ಇದು ಸಿಕ್ಕಿತು ಎಂದು, ಸೆರಗಿನ ತುದಿಯ ಗಂಟು ಬಿಚ್ಚಿ, ಒಳಗಿದ್ದದ್ದನ್ನು ಕೈಯಿಂದ ಮುಟ್ಟದೆ ಅಪ್ಪನ ಮುಂದೆ ಹಿಡಿದಳು.

ಇಷ್ಟಲಿಂಗ. ಮೇಲಿನ ಕಪ್ಪು ಕಂತಿಯ ಲೇಪ ಅರ್ಧ ಉದುರಿ, ಒಳಗಿನ ಕಲ್ಲು ಬೆಳ್ಳಗೆ ಕಾಣುತ್ತಿತ್ತು.

"ಯಾರದ್ರಿ ಅಯ್ಯಾರ ಇದು?" ಎಂದು ಅವಳು ಕೇಳಿದಳು.

ಒಬ್ಬರ ಲಿಂಗಕ್ಕೂ ಇನ್ನೊಬ್ಬರ ಲಿಂಗಕ್ಕೂ ಕಣ್ಣಿಗೆ ಕಾಣುವ ಭೇದವಿಲ್ಲ. ಅದನ್ನು ಹೋದವರ ಕೈಯಲ್ಲಿ ಇಟ್ಟವರು ಅಪ್ಪನೇ ಇರಬಹುದು, ಅವರ ಅಪ್ಪ ಇರಬಹುದು. ಅಪ್ಪ ಅಂಗೈ ಮುಂದೆ ಚಾಚಿ ಅದನ್ನು ಇಸಿದುಕೊಂಡರು. ನನ್ನ ಕಡೆ ತಿರುಗಿ, "ಮಣ್ಣ ಹಿಂಗ ಹೊರಗ ಹಾಕತೈತೇನ ಮಗಳ?" ಎಂದರು.

ಹೌದು ಎಂದೆ. ಎರೆ ನೆಲ ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಪುಡಿ ಬಿರುಕಿನೊಳಗೆ ಉದುರುತ್ತದೆ. ಮಳೆಗೆ ಉಬ್ಬಿದಾಗ ಒಳಗೆ ಜಾಗ ಸಾಲದೆ, ಇದ್ದದ್ದನ್ನು ಮೇಲಕ್ಕೆ ದೂಡುತ್ತದೆ. ವರ್ಷ ವರ್ಷ ಹೀಗೆ ಮಗುಚುತ್ತಲೇ ಇರುತ್ತದೆ. ಹೊಲದಲ್ಲಿ ಎಷ್ಟು ಆರಿಸಿದರೂ ಸುಣ್ಣಗಲ್ಲಿನ ಹರಳು ಮತ್ತೆ ಮೇಲೆ ಬರುವುದಕ್ಕೆ ಅದೇ ಕಾರಣ. ಆಳದ ಕುಣಿಯಾದರೆ ತಡವಾಗುತ್ತದೆ, ಮೇಲ್ಮೇಲಿನದ್ದಾದರೆ ಬೇಗ. ಕೆಲಸದಲ್ಲಿ ಕಲಿತ ಈ ಮಾತನ್ನು ಅಪ್ಪನಿಗೆ ಹೇಳುವಾಗ ನನಗೇ ನನ್ನ ದನಿ ಪರಕೀಯವಾಗಿ ಕೇಳಿಸಿತು.

ಮರುದಿನ ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ ಅಪ್ಪ ಬಡಿಗೆ ಹಿಡಿದು ಹೊರಟರು. ನಾನು ಹಿಂದೆ ಹೋದೆ. ಕೆಳಗಿನ ಓಣಿಗೆ ಇಳಿದು, ಕಾಕಾನ ಮನೆಯ ಮುಂದೆ ನಿಂತು, ಕರೆದರು. ಕಾಕಾ ಹೊರಗೆ ಬಂದು ಗಾಬರಿಯಾದರು. ಯಾರೋ ಸತ್ತಿರಬೇಕು, ಕುಣಿಗೆ ಹೇಳಲು ಬಂದಿದ್ದಾರೆ ಎಂದುಕೊಂಡಿದ್ದರು.

"ಯಾರ ಹ್ವಾದ್ರಿ ಅಯ್ಯಾರ?"

"ಯಾರೂ ಹೋಗಿಲ್ಲ. ಒಳಗ ಬರಲೇನ್ರಿ?"

ಅಪ್ಪ ಅವರಿಗೆ 'ರೀ' ಸೇರಿಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾಕಾಗೂ ಅದು ತಾಗಿತೆಂದು ಕಾಣುತ್ತದೆ. ಒಂದು ಗಳಿಗೆ ಬಾಗಿಲು ಬಿಟ್ಟು ಸರಿಯದೆ ಹಾಗೇ ನಿಂತರು. ಆಮೇಲೆ ಚಾಪೆ ಹಾಸಿದರು. ಸೊಸೆ ನೀರು ತಂದಿಟ್ಟಳು. ಅಪ್ಪ ಚೊಂಬು ಎತ್ತಿ ಕುಡಿದರು. ಗೋಡೆಯ ಮೇಲಿನ ಫೋಟೋದ ಕಡೆ ನೋಡಿದರು.

"ಅವತ್ತ ಅರ್ಜಿ ತಂದಿದ್ರಿ. ನಾ ಹೋಗಿ ನೋಡಬೇಕಿತ್ತು, ನೋಡಲಿಲ್ಲ. ತಪ್ಪಾತು" ಎಂದರು.

ಕಾಕಾ ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತಿದ್ದರು. "ಈಗ ನಿಮ್ಮ ಕಡೆ ನೀರ ಬಂತು, ಅದಕ್ಕ ಬಂದೀರಿ" ಎಂದರು. ಸಿಟ್ಟಿನಿಂದಲ್ಲ, ಇದ್ದದ್ದು ಇದ್ದ ಹಾಗೆ.

"ಹೌದು" ಎಂದರು ಅಪ್ಪ. "ಅದಕ್ಕs ಬಂದೇನಿ. ಇನ್ನೊಂದ ಅರ್ಜಿ ಬರಿಯೂಣು. ಮಡ್ಡಿ ಮ್ಯಾಲ ದನಾ ಮೇಯೂ ಗಾಯರಾಣ ಐತಿ. ಎಲ್ಲಾರಿಗೂ ಒಂದs ಜಾಗಾ ಕೇಳೂಣು. ಮದಲ ಸಹಿ ನಿಮ್ದು, ಆಮ್ಯಾಲ ನಂದು."

ಅರ್ಜಿ ನಾನೇ ಬರೆದೆ. ಸಲಾಕೆಯ ಲೆಕ್ಕಗಳನ್ನೆಲ್ಲ ಸೇರಿಸಿದೆ. ಅಪ್ಪ ಮತ್ತು ಕಾಕಾ ಅದನ್ನು ಹಿಡಿದು ರಾಮದುರ್ಗದ ತಾಲೂಕು ಕಚೇರಿಗೆ ಎಷ್ಟು ಸಲ ಹೋದರೋ ಲೆಕ್ಕವಿಲ್ಲ. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹೋಗುತ್ತಿದ್ದರಂತೆ, ಹೆಚ್ಚು ಮಾತಿಲ್ಲದೆ. ವರ್ಷ ದಾಟಿ ಮಂಜೂರಿ ಬಂತು. ಊರ ಮೇಲಿನ ಮಡ್ಡಿಯಲ್ಲಿ, ಗರಸು ಮಣ್ಣಿನ ಇಳಿಜಾರು ಗಾಯರಾಣ.

ಅಳತೆಯವರು ಬಂದು ಹೋದ ಮರುದಿನವೇ ಹಿರಿಯರು ಅಲ್ಲಿ ಸೇರಿ, ನಡುವೆ ಕಲ್ಲುಗಳ ಸಾಲು ನೆಡಿಸಿದರು. ಮೇಲಿನ ಭಾಗ ನಮ್ಮವರಿಗೆ, ಕೆಳಗಿನದು ಕೆಳಗಿನ ಓಣಿಗೆ. ಅಪ್ಪ ಅಲ್ಲಿಗೆ ಹೋಗಿ ಎದುರು ನಿಂತರು. ಮಂಜೂರಿಯ ಕಾಗದ ತೋರಿಸಿದರು. ಕಬ್ಬಿನ ಹಿರಿಯರು ಕಾಗದವನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಅಯ್ಯಾರ, ನೀವು ಪೂಜಿ ಮಾಡ್ರಿ. ಜಾಗಾ ನಾವು ನೋಡಕೋತೇವಿ" ಎಂದರು. ಅವತ್ತಿನಿಂದ ಅಪ್ಪ ಕಟ್ಟೆಗೆ ಹೋಗಿ ಕೂಡುವುದನ್ನು ಬಿಟ್ಟರು. ತಾವು ಹೋದಾಗ ಕಲ್ಲಿನ ಸಾಲಿನ ಕೆಳಗೇ ಮಣ್ಣು ಕೊಡಬೇಕೆಂದು ನನಗೂ ಅವ್ವನಿಗೂ ಹೇಳಿದ್ದಾರೆ. ಊರು ಅದಕ್ಕೆ ಏನು ಹೇಳುತ್ತದೋ ಗೊತ್ತಿಲ್ಲ.

ನಾನು ಮತ್ತು ಕಾಕಾ ಆ ಕೆಳಗಿನ ಭಾಗದಲ್ಲಿ ಒಂದು ಗುಂಡಿ ತೋಡಿ ನೋಡಿದೆವು. ಸಲಿಕೆ ನಡೆಯಲಿಲ್ಲ, ಹಾರೆ ಬೇಕಾಯಿತು. ಎದೆಯಾಳದವರೆಗೆ ಕೆಂಪು ಗರಸು, ಒಣ ಒಣ. ಕಾಕಾ ಒಂದು ಹಿಡಿ ತೆಗೆದು ಗಾಳಿಗೆ ಬಿಟ್ಟರು. ಪುಡಿ ಹಾರಿತು. ಮಡ್ಡಿಯ ನೆತ್ತಿಯಲ್ಲಿ ಎರಡು ಯಂತ್ರಗಳು ಹೊಸ ಕಾಲುವೆಗೆ ನೆಲ ಅಗೆಯುತ್ತಿದ್ದವು. ಹೊಳೆಯ ನೀರನ್ನು ಪಂಪಿನಿಂದ ಎತ್ತಿ ಅಲ್ಲಿಗೂ ತರುತ್ತಾರಂತೆ. ಕಾಕಾ ಅತ್ತ ಒಂದು ಸಲ ನೋಡಿ, ಗುಂಡಿ ಮುಚ್ಚಿದರು.

"ನಮ್ಮಾಕೀನ ಇಲ್ಲಿ ತರೂದಿಲ್ರಿ" ಎಂದರು. "ಎಬ್ಬಿಸಿದ್ರ ಏನ ಸಿಗತೈತೋ ಏನೋ. ಅಲ್ಲೇ ಇರ್ಲಿ ಬಿಡ್ರಿ."

ಹೋದ ತಿಂಗಳು ಊರಿಗೆ ಹೋಗಿದ್ದೆ. ಬೆಳಿಗ್ಗೆ ಎದ್ದಾಗ ಅವ್ವ ದೇವರಕೋಣೆಯ ಮುಂದೆ ಕುಳಿತು ಗೋಡೆಯ ಬುಡವನ್ನು ಕಸಬರಿಗೆಯಿಂದ ಗುಡಿಸುತ್ತಿದ್ದರು. ನಮ್ಮ ಮನೆ ಊರಿನ ಎತ್ತರದ ಓಣಿಯಲ್ಲಿದೆ. ಮೊರದಲ್ಲಿ ಬಿಳಿ ಪುಡಿ ಕೂಡಿತ್ತು.

"ಏನವ್ವಾ ಅದು?"

"ಸುಣ್ಣ ಉದರಾಕ ಹತ್ತೇತಿ. ದಿನಾ ಗುಡಸ್ತೇನಿ, ದಿನಾ ಬರತೈತಿ. ಈ ಸಲ ಚಲೋ ಸುಣ್ಣ ಹಚ್ಚಸಬೇಕು."

ನಾನು ಬಗ್ಗಿ, ಬೆರಳಿಗೆ ಒಂದಿಷ್ಟು ಹಚ್ಚಿಕೊಂಡು ನಾಲಿಗೆಗೆ ಇಟ್ಟೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ಅಪ್ಪ ಒಳಗೆ ಪೂಜೆಗೆ ಕೂತಿದ್ದರು, ಗಂಟೆಯ ಸದ್ದು ಕೇಳುತ್ತಿತ್ತು. ಉಪ್ಪಗಿತ್ತು. ಹೌದವ್ವಾ, ಹಚ್ಚಿಸೋಣ ಎಂದೆ.